ಅರ್ಧ ಹಲ್ಲು

ಈ ಊರಿನ ಮಕ್ಕಳು ಬಿದ್ದ ಹಲ್ಲನ್ನು ಸೂರ್ಯನತ್ತ ಎಸೆಯುತ್ತಾರೆ:
'ಕತ್ತೆಯ ಹಲ್ಲು ತಗೋ, ಜಿಂಕೆಯ ಹಲ್ಲು ಕೊಡು.'
ಕಣಿವೆಯ ಮೇಲೆ ಸೇತುವೆಗಳು ತೂಗುವ ಕಾನ್‌ಸ್ಟಂಟೀನಿನಲ್ಲಿ
ಆಸ್ಪತ್ರೆಯ ಲ್ಯಾಬಿನ ಜುಲೀಖಾ ನಾನು,
ಸೂರ್ಯನಿಗೆ ಸಲ್ಲಬೇಕಾದ್ದಕ್ಕೆ
ನಡುವೆ ಕೈಯೊಡ್ಡಿದವಳು.

ಮೂರು ಚಳಿಗಾಲ, ಶಾಲೆಯಿಂದ ಶಾಲೆಗೆ.
ಒಂದು ಹಲ್ಲಿಗೆ ಒಂದು ಸೀಸದಕಡ್ಡಿ.
ಕೊಡುವಾಗ ನನಗೇ ನಗು:
ಹೆಸರಿನಲ್ಲಷ್ಟೇ ಸೀಸ ಅದಕ್ಕೆ.
ನಿಜವಾದದ್ದು ಇತ್ತು
ಅದರ ತುದಿ ಕಚ್ಚುವ ಬಾಯೊಳಗೆ.

ಲಖ್ದರ್ ಎಂಬ ಪೋರ ಮುಷ್ಟಿ ಬಿಚ್ಚಲಿಲ್ಲ.
'ಸೂರ್ಯ ಕೇಳಿದರೆ?'
'ಜುಲೀಖಾ ಸಾಲ ತಗೊಂಡಳು ಅನ್ನು.'
ಅವನಮ್ಮ ಒಂದೊಂದೇ ಬೆರಳು ಬಿಡಿಸಿದಳು.

ಎಂಜಿನ್ ಕಟಕಟ ಹಲ್ಲು ಕಡಿಯಬಾರದೆಂದು
ಯಾರೋ ಎಂದೋ ಪೆಟ್ರೋಲಿಗೆ ಸೀಸ ಬೆರೆಸಿದರು.
ಎಂಜಿನ್ ಸುಮ್ಮನಾಯಿತು.
ಲೆಕ್ಕ ಬೇರೆ ಬಾಯಿಗೆ ಹೋಯಿತು.

ಹಲ್ಲನ್ನು ಎರಡಾಗಿ ಸೀಳುವೆ.
ಅರ್ಧ ಪುಡಿ, ಪುಡಿ ಆಮ್ಲಕ್ಕೆ, ಆಮ್ಲ ಉರಿಗೆ.
ಇನ್ನರ್ಧ ಸೀಸೆಗೆ. ಸೀಸೆಯ ಮೇಲೆ ಚೀಟಿ:
ಮನೆಬಾಗಿಲಿಂದ ಬಸ್‌ಸ್ಟ್ಯಾಂಡಿಗೆ ಎಷ್ಟು ಹೆಜ್ಜೆ.
ಹೆಜ್ಜೆ ಕಡಿಮೆಯಾದಷ್ಟೂ ಅಂಕಿ ದೊಡ್ಡದು.
ಇಷ್ಟೇ ನನ್ನ ಸಂಶೋಧನೆ.

ರಾಜಧಾನಿಯಲ್ಲಿ, ರಿಫೈನರಿಯ ಹಿರಿಯರೊಬ್ಬರು
ತಾವೇ ಪುದೀನ ಚಹಾ ಬಗ್ಗಿಸಿಕೊಟ್ಟು ಅಂದರು:
'ಮಗಳೇ, ಹಳೇ ಕಾರುಗಳ ವಾಲ್ವು ಸವೆದುಹೋಗುತ್ತದೆ.
ಹಳೇ ಕಾರು ಬಡವರದು. ಯೋಚಿಸು.'
ಯೋಚಿಸಿದೆ. ಒಳ್ಳೆಯ ಮನುಷ್ಯ.
ಅವರ ಮೊಮ್ಮಗಳ ಹಲ್ಲೂ ನನ್ನ ಡ್ರಾಯರಿನಲ್ಲಿತ್ತು,
ಚೀಟಿಯಲ್ಲಿ ನಲವತ್ತು ಹೆಜ್ಜೆ.
ಯಾರದೆಂದು ಹೇಳುವಂತಿಲ್ಲ; ಮಾತು ಕೊಟ್ಟಿದ್ದೆ.
ಚಹಾ ಬಿಸಿ ಇತ್ತು. ಕುಡಿದೆ.

ಪರಿಶೀಲನೆಯಲ್ಲಿದೆ.
ಪರಿಶೀಲನೆಯಲ್ಲಿದೆ.
ನನ್ನ ಕೂದಲು ನರೆಯಿತು, ಪರಿಶೀಲನೆಯಲ್ಲಿದೆ.

ಕೊನೆಗೊಂದು ದಿನ ಗೆಜೆಟ್ಟಿನ ಮೂಲೆಯಲ್ಲಿ
ನಾಲ್ಕು ಸಾಲು, ಕೊನೆಯ ಪದ:
ಬೆರೆಸತಕ್ಕದ್ದಲ್ಲ.
ಆಫೀಸಿನ ಭಾಷೆಯೂ ಹೀಗೆ ಎದೆಗೆ ನಾಟುತ್ತದೆಂದು
ಅಂದೇ ನನಗೆ ತಿಳಿದದ್ದು.

ನಿವೃತ್ತಿಯ ವಾರ ಡ್ರಾಯರು ಖಾಲಿ ಮಾಡಿದೆ.
ಬಂದರಿನ ದಾರಿಯ ಪಂಪಿನಲ್ಲಿ ಪೆಟ್ರೋಲ್ ಹಾಕುವವನ
ಅಂಗಿಯ ಮೇಲೆ ಆ ಹೆಸರು.
ಗಡ್ಡ ಬಂದಿದೆ. ಮುಷ್ಟಿ ಅದೇ.
ಸೀಸೆ ಕೊಟ್ಟೆ.
'ಅರ್ಧವೇ?'
'ಇನ್ನರ್ಧ ಉರಿಗೆ ಹೋಯಿತು.'

ಸಾಲಿನಲ್ಲಿ ಕಾರುಗಳು ಹಾರ್ನ್ ಒತ್ತುತ್ತಿದ್ದವು.
ಅವನು ಚಾವಣಿಯಡಿಯಿಂದ ಹೊರಬಂದು
ಕಣ್ಣು ಕಿರಿದು ಮಾಡಿ, ತುಟಿಯಲ್ಲೇ ಏನೋ ಅಂದು, ಎಸೆದ.
ಹಲ್ಲು ಸೂರ್ಯನ ತನಕ ಹೋಗದೆ
ಪಂಪಿನ ತಗಡಿನ ಮೇಲೆ ಟಣ್ ಎಂದಿತು.
ಇಬ್ಬರೂ ನಕ್ಕೆವು.

ನಳಿಕೆ ಎತ್ತಿಕೊಳ್ಳುತ್ತ ಕೇಳಿದ:
'ಸೀಸ ಹೋಯಿತು, ಸರಿ. ಅದರ ಬದಲು ಈಗ ಏನು ಹಾಕುತ್ತಾರಮ್ಮಾ?
ವಾಸನೆ ಬೇರೆಯಾಗಿದೆ.
ನನ್ನ ಮಗಳಿಗೂ ಮುಂದಿನ ಹಲ್ಲು ಅಲುಗಾಡುತ್ತಿದೆ.'

ನನಗೆ ಗೊತ್ತಿರಲಿಲ್ಲ.
ಗೊತ್ತಿಲ್ಲವೆಂದೇ ಹೇಳಿದೆ.
ಕೈಚೀಲದೊಳಗೆ ಬೆರಳು ಆಗಲೇ
ಒಂದು ಸೀಸದಕಡ್ಡಿ ಹುಡುಕುತ್ತಿತ್ತು.