ಒಳಗಿನ ಚಿಲಕ

ಮಳೆಗೆ, ಅಂದೆ ಎಲ್ಲರಿಗೂ.
ಮಳೆಗೇ ಕಣಪ್ಪ, ಇನ್ಯಾತಕ್ಕೆ.
ಕಾರ್ತೀಕದ ಇಬ್ಬನಿ ಕಿವಿಗೆ ನುಗ್ತದೆ,
ನಾಲೆ ಏರಿ ಮೇಲೆ ಗಾಳಿ ಹಲ್ಲು ಕಡಿಸ್ತದೆ.
ಟ್ರ್ಯಾಕ್ಟರಿಗೂ ಒಂದು ತಲೆ ಮೇಲಿನ ಸೂರು ಬೇಡವಾ?

ಬನ್ನಿಮಂಟಪದ ಗುಜರಿಯಲ್ಲಿ
ಸತ್ತ ಬಸ್ಸಿನ ಕಿಟಕಿ ಗಾಜು ಸಿಕ್ಕವು, ನಾಲ್ಕು.
ಒಂದರ ಮೇಲೆ ಇನ್ನೂ ಇತ್ತು ಕೆಂಪು ಬಣ್ಣದಲ್ಲಿ:
ಮಹಿಳೆಯರಿಗೆ.
ಬ್ಲೇಡು ಹಿಡಿದು ಕೆರೆಯಲು ಬಂದ ಹುಡುಗನಿಗೆ
ಇರಲಿ ಬಿಡು, ಅಂದೆ.

ಚೌಕ ಪೈಪು ಮೂರು ಉದ್ದ,
ಅಜ್ಜಿಯ ಬೀರುವಿನ ಕೀಲು,
ಸೈಕಲ್ ಟ್ಯೂಬು ಸೀಳಿ ಗಾಜಿನ ಅಂಚಿಗೆ ತುಟಿ.
ಅಂಬಾಸಿಡರಿನ ವೈಪರಿಗೆ ಮೋಟಾರಿಲ್ಲ,
ಒಳಗಿಂದ ಕೈಯಲ್ಲೇ ತಿರುವಬೇಕು
ರಾಗಿ ಬೀಸಿದ ಹಾಗೆ.

ಚಿನಕುರಳಿಯ ವೆಲ್ಡರ್ ಮುನಾವರ್
ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದ:
"ಅಕ್ಕ, ಚಿಲಕ ಹೊರಗಾ, ಒಳಗಾ?"
"ಒಳಗೆ."
"ಬ್ಯಾಟರಿ ಕದೀತಾರೆ, ಹೊರಗಿದ್ರೆ ಬೀಗ ಹಾಕ್ಬೋದು."
"ಒಳಗೆ, ಮುನಾವರ್."
ಒಂದು ಗಳಿಗೆ ನನ್ನ ಮುಖ ನೋಡಿದ.
ಕನ್ನಡಕ ಇಳಿಸಿದ. ಕಿಡಿ ಹಾರಿತು.
ಮುಗಿದ ಮೇಲೆ ನೋಡಿದರೆ
ಒಂದರ ಕೆಳಗೆ ಇನ್ನೊಂದು ಬೆಸೆದಿದ್ದ.
ಚೀಟಿಯಲ್ಲಿ ಒಂದಕ್ಕೇ ದುಡ್ಡು ಬರೆದಿದ್ದ.

ಛಾವಣಿಗೆ, ಬೆನ್ನಿಗೆ ಫ್ಲೆಕ್ಸು.
ಸರ್ಕಲ್ಲಿನಲ್ಲಿ ಕಟ್ಟಿ ಮರೆತ ಹುಟ್ಟುಹಬ್ಬದ ಶುಭಾಶಯ:
ಕೈ ಮುಗಿದ ಒಬ್ಬ ನಾಯಕ,
ಸುತ್ತ ಮೂವತ್ತೆರಡು ಅಭಿಮಾನಿಗಳು.
ಎಲ್ಲರಿಗೂ ಮೀಸೆ. ಎಲ್ಲರ ಕಣ್ಣೂ ತೆರೆದಿದೆ.
"ಬಣ್ಣ ಒಳಗಿದ್ರೆ ಬಾಳಿಕೆ ಬತ್ತದೆ ಕಣವ್ವ" ಅಂದರು ಸೋದರಮಾವ.
ಬೇಡ.
ಅಷ್ಟೂ ಮೀಸೆಗಳನ್ನು ಹೊರಗೆ, ಮಳೆಗೆ ತಿರುಗಿಸಿ
ದಬ್ಬಳದಲ್ಲಿ ಹೊಲಿದೆ.
ನನ್ನ ಕಡೆಗೆ ಬಿಳಿ ಬೆನ್ನು ಮಾತ್ರ.

"ಏನ್ ಚೆಲುವಮ್ಮ, ಕೋಳಿಗೂಡಾ?"
ಅರಳಿಕಟ್ಟೆ ನಕ್ಕಿತು, ನಾನೂ ನಕ್ಕೆ.
ಕೋಳಿಗೂ ಕತ್ತಲಾದರೆ ಗೂಡಿನ ಬಾಗಿಲು ಹಾಕುತ್ತಾರೆ.
ಯಾಕೆ ಅಂತ ಯಾರೂ ಕೇಳುವುದಿಲ್ಲ.

ನೀರಿನ ಪರೀಕ್ಷೆ ಭಾನುವಾರ.
ತಂಗಿಯ ಮಗಳು ತಾರಸಿ ಹತ್ತಿ ಕೊಡ ಕೊಡ ಸುರಿದಳು.
ಮಾವ ಒಳಗೆ ಕೂತು ಪೇಪರ್ ಓದುತ್ತಿದ್ದರು.
ಮೂರನೆಯ ಕೊಡಕ್ಕೆ ಕೂಗು:
"ಕನ್ಯಾರಾಶಿ ನೆಂದೋಯ್ತು ಕಣ್ರವ್ವೋ!"
ಆ ತೂತಿಗೆ ಎಂಸೀಲ್ ಮೆತ್ತಿದೆ, ಹೆಬ್ಬೆಟ್ಟಿನ ಗುರುತು ಸಮೇತ.

ಹೋದ ವರ್ಷ ಕಾರ್ಖಾನೆ ಮುಂದೆ
ಕಬ್ಬಿನ ಸಾಲಿನಲ್ಲಿ ಎರಡು ರಾತ್ರಿ.
ಗಂಡಸರು ಟ್ರೈಲರಿನಡಿ ತರಗು ಹಾಸಿ ಗೊರಕೆ ಹೊಡೆದರು.
ನಾನು ಸೀಟಿನಲ್ಲಿ ನೆಟ್ಟಗೆ,
ಮಡಿಲಲ್ಲಿ ಇಪ್ಪತ್ತೆರಡರ ಸ್ಪಾನರು.
ಟಾರ್ಚೊಂದು ಮೂರು ಸಲ ನನ್ನ ಗಾಡಿ ಸುತ್ತಿತು.
ಹಿಡಿದ ಕೈ ಕಾಣಲಿಲ್ಲ.
ಕೆಮ್ಮಿದೆ. ಆರಿತು. ಮತ್ತೆ ಹೊತ್ತಿತು.

ಇದನ್ನು ಯಾರಿಗೂ ಹೇಳಲಿಲ್ಲ.
ಮಳೆಗೆ, ಅಂದೆ.

ಈ ವರ್ಷ ಟೋಕನ್ ಇನ್ನೂರ ಹದಿನಾಲ್ಕು.
ಹತ್ತು ಗಂಟೆಗೆ ಮಳೆ ನಿಜವಾಗಿಯೂ ಬಂತು,
ನನ್ನ ಮಾತು ಸುಳ್ಳಾಗಬಾರದು ಅಂತಲೋ ಏನೋ.
ಉಸಿರಿಗೆ ಗಾಜು ಮಬ್ಬಾಯಿತು,
ಗೇರ್‌ಬಾಕ್ಸಿನ ಬಿಸಿ ಪಾದಕ್ಕೆ ಹಿತವಾಗಿತ್ತು.
ಎಡಭುಜಕ್ಕೆ ಒಂದು ಹನಿ, ತಡೆದು ಇನ್ನೊಂದು,
ಅದೇ ಕನ್ಯಾರಾಶಿ.
ಮೇಲಿನ ಚಿಲಕ ಹಾಕಿದೆ. ಟಕ್.
ಕೆಳಗಿನದು. ಟಕ್.
ಸ್ಪಾನರನ್ನು ಟೂಲ್ ಪೆಟ್ಟಿಗೆಗೆ ಹಾಕಿದೆ,
ಅದರ ಜಾಗ ಅದು.

ಆಮೇಲಿನದು ಗೊತ್ತಿಲ್ಲ.

ಹಾರ್ನು. ಬಿಸಿಲು. ಗಾಜು ಬಡಿಯುವ ಸದ್ದು.
ನನ್ನ ನಂಬರು ಕೂಗಿ ಕೂಗಿ ಸಾಕಾಗಿ
ಹನ್ನೊಂದು ಗಾಡಿ ಮುಂದೆ ಹೋಗಿದ್ದವಂತೆ.
ಹಿಂದಿನ ಗಾಡಿಯ ಮುದುಕ ಕೈಯಡ್ಡ ಹಿಡಿದು ಒಳಗೆ ಇಣುಕುತ್ತಿದ್ದ:
"ಏನವ್ವ, ಸತ್ತೋದ್ಯಾ ಅಂದ್ಕಂಡೆ!"

ಕೆನ್ನೆ ಮೇಲೆ ಸ್ಟೇರಿಂಗಿನ ಬರೆ.
ಎರಡು ಚಿಲಕ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲ ಕಣಣ್ಣ," ಅಂದೆ,
"ಮಲಗಿದ್ದೆ."