ಮಾತನಾಡುವ ಭಾಷೆ

ಇವತ್ತು ಪುಸ್ತಕ ಬೇಡ, ಅಂದೆ.
ನಿನ್ನೆ ಸಂಜೆ ಮಂಡಕ್ಕಿ ಕಟ್ಟಿಸಿಕೊಂಡ ಕಾಗದ
ಬಿಸಾಡದೆ ತಂದವರು ಕೈಯೆತ್ತಿ.

ಇಪ್ಪತ್ತಾರು ಕೈ.
ಭಟ್ಟಿ ಸಾಲಿನ ಮಕ್ಕಳಿಗೆ ಕಾಗದಕ್ಕೇನು ಬರ?
ಅಂಗಿಯ ಮಡಿಕೆಯಲ್ಲಿ ಬೂದಿ, ತಲೆಯಲ್ಲಿ ಭತ್ತದ ಹೊಟ್ಟು,
ಚೀಲದಿಂದ ಒಂದೊಂದೇ ಹೊರಬಂದವು:
ಮಿರ್ಚಿಯ ಶಾಖಕ್ಕೆ ಮೆತ್ತಗಾದ ಸುದ್ದಿ,
ಹೋದ ವರ್ಷದ ಮೆಕ್ಕೆಜೋಳದ ಧಾರಣೆ,
ಅರ್ಧ ಮದುಮಗಳು,
ಯಾರದೋ ಶ್ರದ್ಧಾಂಜಲಿಯ ಮೀಸೆ.

ಆಟ ಇಷ್ಟೇ:
ಹರಿದಲ್ಲಿಗೆ ನಿಲ್ಲಬಾರದು.
ಇರುವುದನ್ನು ಓದಬೇಕು, ಇಲ್ಲದ್ದನ್ನು ಹೇಳಬೇಕು.
ಎಣ್ಣೆ ಕುಡಿದ ಕಡೆ ಬೆನ್ನ ಹಿಂದಿನ ಸಾಲೂ ಮೂಡಿದರೆ
ಎರಡನ್ನೂ ಓದಿ, ಎದುರಿನದು ಯಾವುದೆಂದು ಜಗಳಾಡಬೇಕು.

ಮೆಹಜಬೀನಳ ಪೊಟ್ಟಣದಲ್ಲಿ ಮಂತ್ರಿಯೊಬ್ಬರು
"ಕೂಡಲೇ ಎಲ್ಲ ಕೆರೆಗಳಿಗೂ" ಎಂದು ಬಾಯಿ ತೆರೆದಿದ್ದರು.
ಮುಂದೆ ಹರಿದಿತ್ತು.
"ಮೊಸಲೆ ಬಿಡುತ್ತೇವೆ!" ಅಂದಳು.
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ನಾನು ಬೋರ್ಡಿನ ತುಂಬ ಒಂದೇ ಒಂದು ಳ ಬರೆದೆ,
ಸುರುಳಿ ಸುತ್ತಿದ ಬಾಲದ ಹಾಗೆ.
ನಾಲಿಗೆ ಮಡಚಿ, ಅಂಗುಳಕ್ಕೆ ತಾಗಿಸಿ, ಬಿಡಿ.
ಅವರ ಮನೆಯ ಉರ್ದುವಿನಲ್ಲಿ ಈ ಮಡಿಕೆ ಇಲ್ಲ.
ನಾಲಿಗೆಗಳು ಮಡಚಿದವು, ಜಾರಿದವು,
ನಗುನಗುತ್ತಾ ಕೊಟ್ರೇಶನದೂ ಜಾರಿತು.

ಹಯಾತ್‌ಪೀರ್ ಮಾತ್ರ ಕಿಟಕಿಯ ಪಕ್ಕ, ಸುಮ್ಮನೆ.
ಜೂನ್‌ನಿಂದ ಅವನ ದನಿ ಹಾಜರಿಗಷ್ಟೇ ಎದ್ದದ್ದು.
ಅವನ ಕಾಗದದಲ್ಲಿ ಕಾಣೆಯಾದವನೊಬ್ಬನ ಪ್ರಕಟಣೆ:
ದಾವಣಗೆರೆ ಬಸ್ ನಿಲ್ದಾಣದಿಂದ,
ಕೋಲುಮುಖ, ಗೋಧಿ ಬಣ್ಣ, ನೀಲಿ ಗೆರೆಯ ಅಂಗಿ,
ಮಾತನಾಡುವ ಭಾಷೆ
ಅಷ್ಟಕ್ಕೇ ಹರಿದಿತ್ತು.

ಬೆರಳಿಟ್ಟು ಓದಿದ,
ಉರಿಗೆ ಹೊಟ್ಟು ಎರಚುವವನ ಹಾಗೆ
ಅಕ್ಷರಕ್ಕೊಮ್ಮೆ ತಡೆದು, ಉಸಿರು ತಗೊಂಡು.
ತುದಿಗೆ ಬಂದು ನಿಂತ.
ಯಾರೂ ತುಂಬಿ ಕೊಡಲಿಲ್ಲ.
ಆಮೇಲೆ, ಆಟದಲ್ಲೇ ಇಲ್ಲದ ಪ್ರಶ್ನೆ:
"ಟೀಚರ್, ನಾನು ಕಲೆದು ಹೋದ್ರೆ
ಏನಂತ ಬರೀತಾರೆ?"

ಕಳೆದು, ಅನ್ನಲು ಬಾಯಿ ತೆರೆದೆ.
ಕಲೆ ಅವನ ಕಾಗದದ ಮೇಲಿತ್ತು,
ಕಿಟಕಿಯ ಬೆಳಕು ಅದರೊಳಗಿಂದಲೇ ಬರುತ್ತಿತ್ತು.
ಬಾಯಿ ಮುಚ್ಚಿದೆ.

"ಉರ್ದು, ಸ್ವಲ್ಪ ಕನ್ನಡ!" ಹಿಂದಿನಿಂದ ಕೊಟ್ರೇಶ.
ಕಾಗದವನ್ನು ಅಂಗೈಯಿಂದ ಸವರಿ ಸಪಾಟು ಮಾಡಿದ ಹಯಾತ್‌ಪೀರ್.
ಹರಿದ ಅಂಚಿನಾಚೆ ಜಾಗವಿಲ್ಲ, ಬೆಂಚಿನ ಮರದ ಮೇಲೇ
ಪೆನ್ಸಿಲ್ಲು ಒತ್ತಿ ಒತ್ತಿ ಬರೆದ,
'ಸ್ವಲ್ಪ' ಬಿಟ್ಟು.

ನಾಳೆ ಹೆಡ್‌ಮಾಸ್ಟರು ನೋಡಿ ಒರೆಸಿಸುತ್ತಾರೆ.
ಎಣ್ಣೆಗೈ ತಗಲಿದ ಮರ,
ಪೂರ್ತಿ ಹೋಗಲಿಕ್ಕಿಲ್ಲ.