ಒಂಬತ್ತು ನೋಟು

ಸಕ್ಕರೆ ಇನ್ನೂರ ನಲವತ್ತು ಎಂದಿತು ರಿಪೋರ್ಟು.
ದುರ್ಗಿಗುಡಿಯ ನನ್ನ ಅಂಗಡಿಯಲ್ಲೇ ಅದರ ಜೆರಾಕ್ಸು ತೆಗೆದೆ,
ಎರಡನೇ ಪ್ರತಿಯಲ್ಲಾದರೂ ಕಮ್ಮಿ ಬರುತ್ತದೇನೋ ಅಂತ.

ಬೂಟು ಕೊಂಡೆ. ಅದು ಮಂಚದ ಕೆಳಗೆ
ಬೆಕ್ಕಿನ ಹಾಗೆ ಮಲಗಿಕೊಂಡಿತು.
ನಾಳೆಯಿಂದ, ಸೋಮವಾರದಿಂದ, ಹಬ್ಬ ಕಳೆಯಲಿ.
ನನಗೆ ನಾನೇ ಕೊಟ್ಟ ಮಾತಿಗೆ
ಸಾಕ್ಷಿಯೂ ನಾನೇ, ಜಡ್ಜೂ ನಾನೇ,
ಪ್ರತಿ ಸಲವೂ ಖುಲಾಸೆ.

ಆಗ ಮೆಗ್ಗಾನಿನ ಫಿಲೋಮಿನಾ ಸಿಸ್ಟರು,
ರಾತ್ರಿ ಪಾಳಿ ಮುಗಿಸಿ ಸ್ಟೇಡಿಯಮ್ಮಿನಲ್ಲಿ
ನಾಲ್ಕು ಸುತ್ತು ಹಾಕಿಯೇ ಮನೆಗೆ ಹೋಗುವವರು,
ಸೂಜಿ ಚುಚ್ಚುವ ಮುಂಚಿನ ದನಿಯಲ್ಲಿ ಹೇಳಿದರು:
"ಐನೂರರ ಹತ್ತು ನೋಟು ತನ್ನಿ. ನನ್ನ ಹತ್ತಿರ ಇರಲಿ.
ನೀವು ಬಾರದ ದಿನ ಒಂದು ಹೋಗುತ್ತೆ."
ಎಲ್ಲಿಗೆ? ಅನಾಥಾಶ್ರಮಕ್ಕಾ?
"ಅಲ್ಲಿಗಾದರೆ ಪುಣ್ಯ ಬಂತೆಂದು ಮಲಗುತ್ತೀರಿ.
ಯಾರನ್ನು ಕಂಡರೆ ನಿಮಗೆ ಆಗುವುದಿಲ್ಲ?"

ಬಾಯಿ ತಾನಾಗಿಯೇ ಹೇಳಿತು: ಗುತ್ಯಪ್ಪ.
ಎದುರು ಸಾಲಿನ ಜೆರಾಕ್ಸಿನವನು.
ನಾನು ಎರಡು ರೂಪಾಯಿ ಎಂದರೆ
ಒಂದೂವರೆ ಎಂದು ಬೋರ್ಡು ಹಾಕುವವನು.
ಹತ್ತು ಚೀಟಿಯನ್ನೂ ನನ್ನ ಕೈಯಲ್ಲೇ ಬರೆಸಿಕೊಂಡರು ಸಿಸ್ಟರು.

ಹಲ್ಲು ಕಚ್ಚಿ ನಡೆದೆ. ಆರೋಗ್ಯಕ್ಕಲ್ಲ,
ಅವನ ಗಲ್ಲಾಪೆಟ್ಟಿಗೆಗೆ ಬೀಗ ಹಾಕಲಿಕ್ಕೆ.
ಸುದ್ದಿ ಬೀದಿಗೆ ಬಿತ್ತು. ಹಾಲ್ ಟಿಕೆಟ್ ತೆಗೆಸಲು ಬಂದ ಹುಡುಗಿ
ಚಿಲ್ಲರೆ ಎಣಿಸುತ್ತಾ, "ಅಂಕಲ್, ಇವತ್ತು ನಡೆದ್ರಾ?"
ಹೂವಿನ ಜುಲೇಖಾಬಿ ಮೊಳ ಹಾಕುವ ಕೈ ನಿಲ್ಲಿಸಿ
ಕಣ್ಣಲ್ಲೇ ನನ್ನ ಹೊಟ್ಟೆ ಅಳೆಯುತ್ತಾಳೆ.

ಮಾರ್ಗಶಿರದ ಒಂದು ಬೆಳಗು ಕಂಬಳಿ ಗೆದ್ದಿತು.
ಹತ್ತು ಗಂಟೆಗೆ ನೋಟು ರಸ್ತೆ ದಾಟಿತು, ಚೀಟಿಯೊಂದಿಗೆ:
"ನಿಮ್ಮ ವ್ಯಾಪಾರದ ಏಳಿಗೆಗೆ. ಇಂತಿ, ಶೇಷಗಿರಿ."
ನೋಟಿನ ಜೆರಾಕ್ಸು ತೆಗೆದರೆ ಪೊಲೀಸರು ಹಿಡಿಯುತ್ತಾರೆ, ಅವನಿಗದು ಗೊತ್ತು.
ಚೀಟಿಯದು ತೆಗೆದ. ಬಣ್ಣದಲ್ಲಿ. ದೊಡ್ಡದು ಮಾಡಿ.
ಗಾಜಿಗೆ ಅಂಟಿಸಿದ.

ಅದನ್ನು ಓದಿಕೊಂಡೇ ದಿನಾ ಶಟರು ಎತ್ತಿದೆ, ಇಳಿಸಿದೆ.
ಬೂಟು ಸವೆಯಿತು. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು.
ಚೀಟಿ ಬಿಸಿಲಿಗೆ ಬಿಳುಚಿ
ನನ್ನ ಹೆಸರಷ್ಟೇ ಉಳಿಯಿತು.

ಯುಗಾದಿ ಕಳೆದ ಮೇಲೆ ಸಿಸ್ಟರಿಗೆ ಸಾಗರಕ್ಕೆ ವರ್ಗ.
"ಒಂಬತ್ತಿದೆ, ಎಣಿಸಿಕೊಳ್ಳಿ. ಇನ್ನು ಅಭ್ಯಾಸ ಆಗಿದೆಯಲ್ಲ."
ಆಗಿದೆಯೇ? ಮರುದಿನ ಐದಕ್ಕೇ ಎಚ್ಚರವಿದ್ದೂ
ಫ್ಯಾನು ತಿರುಗುವುದನ್ನು ನೋಡುತ್ತಾ ಮಲಗಿದ್ದೆ.
ಒಳಗಿನ ಜಡ್ಜು ಕೋಟು ತೊಡುತ್ತಿದ್ದ.

ಕವರು ಹಿಡಿದು ರಸ್ತೆ ದಾಟಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅವನ ಕೌಂಟರಿನ ಮೇಲೆ ನನ್ನ ಕೈ.
ಗುತ್ಯಪ್ಪ ಬೆರಳು ಒದ್ದೆ ಮಾಡಿ ಎರಡು ಸಲ ಎಣಿಸಿದ.
"ನೀವು ಬಂದಿರೋ ಇಲ್ಲವೋ, ನಾನೇ ಬಂದು ನೋಡಬೇಕಲ್ಲ ಹಾಗಾದರೆ?"
"ಹೌದು."
"ದಿನಾ?"
"ದಿನಾ. ಐದೂ ಮುಕ್ಕಾಲಿಗೆ."
ತನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡ. ಏನೋ ಬೈದ, ಮೆಲ್ಲಗೆ.
ರಸೀದಿ ಬರೆದು ಮಿಷನ್ನಿಗೆ ಹಾಕಿ
ಎರಡು ಪ್ರತಿ ತೆಗೆದ.
ಮೂರು ರೂಪಾಯಿ ಕೇಳಿದ.